ಎಲಿವೇಶನ್ ಬಂತು, ಸಜ್ಜಾ ಹೋಯ್ತು

ಹೊಳೆನರಸೀಪುರದಿಂದ ಚನ್ನರಾಯಪಟ್ಟಣಕ್ಕೆ ಹೊರಟ ಬಸ್ಸು ಜನ ಹತ್ತಿಸ್ಕೊಳ್ಳೋಕೆ ನಿಂತಿದೆ. ಎದುರಿಗೆ ಹೊಸ ಮನೆ. ಮುಂಭಾಗಕ್ಕೆ ಕಲ್ಲಿನ ಥರದ ಟೈಲ್ಸು, ಸ್ಟೀಲ್ ರೇಲಿಂಗು, ಬೂದು ಬಣ್ಣ, ಖರ್ಚು ಜೋರಾಗೇ ಆಗಿದೆ. ಕಿಟಕಿ ಮೇಲೆ ಸಜ್ಜಾ ಮಾತ್ರ ಇಲ್ಲ. 'ಲುಕ್ ಕೆಡುತ್ತೆ' ಅಂತ ಎಂಜಿನಿಯರ್ ಅಂದಿರ್ತಾರೆ! ಈಗ ಮಳೆನೀರು ಇಳಿದು ಪ್ರತಿ ಕಿಟಕಿಯ ಮೂಲೆಯಿಂದ್ಲೂ ಕಾಡಿಗೆ ಕರಗಿ ಇಳಿದ ಹಾಗೆ ಕಪ್ಪು ಗೆರೆ. ಪಕ್ಕದ ಹಳೇ ಹೆಂಚಿನ ಮನೆಯ ಸೂರು ಎರಡಡಿ ಮುಂದೆ ಚಾಚಿದೆ. ಜಗಲಿ, ಗೋಡೆ ಎರಡೂ ಒಣಗಿವೆ, ಬೆಕ್ಕು ಮಲಗಿದೆ.

ಹಾಸನ ಜಿಲ್ಲೆಯವರಿಗೆ ಸೂರಿನ ಬೆಲೆ ಹೇಳಬೇಕಾ? 1117ರ ಬೇಲೂರು ದೇವಸ್ಥಾನದಲ್ಲಿ ಮದನಿಕೆಯರು ನಿಂತಿರೋದೇ ಚಾಚಿದ ಸೂರಿನಡಿ.

ಅರಕಲಗೂಡಿನವರೇ, ನಿಮ್ಮ ಕಡೆ ಮಳೆ ಇನ್ನೂ ಜಾಸ್ತಿ. ನಿಮ್ಮ ಎಂಜಿನಿಯರೂ ಸಜ್ಜಾ ಬೇಡ ಅಂದ್ರಾ?