ಬಚ್ಚಲ ತೂಬಿಗೆ ಯಾರನ್ನು ಕರೆಯೋಣ?

ತಳಕಿನಲ್ಲಿ ನೀರಿನ ಮಾತೆತ್ತಿದರೆ ಅದು ಬರುವ ನೀರಿನ ಮಾತೇ ಹೊರತು ಹೋಗುವ ನೀರಿನದಲ್ಲ. ನಲ್ಲಿ ಎಷ್ಟು ಹೊತ್ತಿಗೆ ಬಿಡ್ತಾರೆ, ಪಕ್ಕದ ತೋಟದ ಬೋರು ಎಷ್ಟು ಅಡಿಗೆ ಬಿತ್ತು, ಮೋಟರು ಎತ್ತುತ್ತೋ ಇಲ್ವೋ... ಕಟ್ಟೆ ಮೇಲೆ ಕೂತವರಿಗೆ ಒಂದು ಮಧ್ಯಾಹ್ನ ಕಳೆಯಲು ಇಷ್ಟು ಸಾಕು. ರಾಜ್ಯದಲ್ಲಿ ತೀರಾ ಕಡಿಮೆ ಮಳೆ ಬೀಳುವ ತಾಲ್ಲೂಕುಗಳ ಸಾಲಿನಲ್ಲಿ ನಮ್ಮ ಚಳ್ಳಕೆರೆಗೆ ಮುಂದಿನ ಕುರ್ಚಿ. ಚಿತ್ರದುರ್ಗ ಜಿಲ್ಲೆಯ ದೊಡ್ಡ ನೀರು ಅಂದರೆ 1907ರಲ್ಲಿ ಕಟ್ಟಿ ಮುಗಿಸಿದ ಮಾರಿಕಣಿವೆಯ ವಾಣಿವಿಲಾಸ ಸಾಗರ. ಅದು 1933ರಲ್ಲಿ ಒಮ್ಮೆ ಕೋಡಿ ಬಿತ್ತು. ಮತ್ತೆ ಬಿದ್ದದ್ದು 2022ರಲ್ಲಿ. ನಡುವಿನ 89 ವರ್ಷ ಕೋಡಿಗೆ ಕೆಲಸವೇ ಇರಲಿಲ್ಲ. ಇಂಥ ಸೀಮೆಯವರಿಗೆ ಬಚ್ಚಲಿನ ನೀರು ಆಚೆ ಹೋಗುತ್ತಿಲ್ಲ ಎಂಬುದು ಮೊದಮೊದಲು ತೊಂದರೆ ಅನ್ನಿಸುವುದೇ ಇಲ್ಲ. ನಿಂತರೆ ನಿಲ್ಲಲಿ ಬಿಡಿ, ನೀರು ತಾನೇ! ಪಾದ ಮುಳುಗಿದ ಮೇಲೆ ಮನೆಯಲ್ಲಿ ಸಭೆ ಸೇರುತ್ತದೆ: ನಾವೇ ಬಿಚ್ಚೋದಾ, ಪ್ಲಂಬರನ್ನ ಕರೆಯೋದಾ?

ಹಿಂದೆ ಈ ಸಭೆಯ ಅಗತ್ಯವಿರಲಿಲ್ಲ. ಹಳೇ ಮನೆಯ ಬಚ್ಚಲು ಅಂದರೆ ಮೂಲೆಯಲ್ಲಿ ಒಲೆ, ಒಲೆಯ ಮೇಲೆ ಮಸಿ ಹಿಡಿದ ಹಂಡೆ, ಕೂತು ಮೀಯಲು ಒಂದು ಚಪ್ಪಡಿ ಕಲ್ಲು, ಗೋಡೆಯ ಬುಡದಲ್ಲಿ ಒಂದು ತೂತು. ನೀರು ಆ ತೂತಿನಿಂದ ಹಿತ್ತಿಲಿಗೆ ಹೋಗಿ ಕರಿಬೇವಿನ ಬುಡ ಸೇರುತ್ತಿತ್ತು. ಕಟ್ಟಿಕೊಂಡರೆ ಹಿತ್ತಿಲಿನಿಂದ ಒಂದು ಕೋಲು ತೂರಿಸಿ ಎರಡು ಸಲ ಆಡಿಸಿದರೆ ಮುಗಿಯಿತು. ತೂತಿನ ಈ ಕಡೆಯೂ ಆ ಕಡೆಯೂ ಕಣ್ಣಿಗೆ ಕಾಣುತ್ತಿದ್ದುದೇ ಅದರ ಗುಟ್ಟು. ತಲೆಗೆ ಸೀಗೆಪುಡಿ, ಮೈಗೆ ಕಡ್ಲೆಹಿಟ್ಟು. ಈಗ ಎರಡಕ್ಕೂ ಸೋಪು, ಶಾಂಪೂ. ನಮ್ಮ ಬೋರಿನ ನೀರೋ ಗಡಸು. ಅದರಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಸೋಪಿನ ಜೊತೆ ಸೇರಿದರೆ ನೊರೆಯ ಬದಲು ಒಡೆದ ಮೊಸರಿನಂಥ ಜಿಡ್ಡಾಗುತ್ತದೆ. ಆ ಜಿಡ್ಡಿಗೆ ಉದುರಿದ ಕೂದಲು ಸಿಕ್ಕಿತೋ, ಪೈಪಿನೊಳಗೆ ಗಾರೆ ಕೆಲಸ ಶುರು.

ಅಮೆರಿಕದಲ್ಲಿ ನಮ್ಮ ಸೋದರಳಿಯ ಒಬ್ಬನಿದ್ದಾನೆ. ಇಲ್ಲಿದ್ದಾಗ ಬಲ್ಬು ಬದಲಾಯಿಸಲೂ ಪಕ್ಕದ ಮನೆಯ ಹುಡುಗನನ್ನು ಕೂಗುತ್ತಿದ್ದವನು. ಈಗ ಶನಿವಾರ ಬಂತೆಂದರೆ ಪಾನಾ ಹಿಡಿದು ಬಾತ್‌ಟಬ್ಬಿನ ತೂಬು ಬಿಚ್ಚುತ್ತಾನೆ, ವಿಡಿಯೋ ಕಾಲ್‌ನಲ್ಲಿ ನಮಗೂ ತೋರಿಸುತ್ತಾನೆ. "ಇಲ್ಲಿ ಪ್ಲಂಬರ್ ಬಾಗಿಲು ತಟ್ಟಿದರೇನೇ ದುಡ್ಡು ಕಣೋ ಮಾವ" ಅನ್ನುತ್ತಾನೆ. ಇದು ಬರೀ ಜಿಪುಣತನವಲ್ಲ. ಅಲ್ಲಿ ಕೂಲಿ ದುಬಾರಿ, ಮನೆ ಮರದ್ದು, ಎಷ್ಟೋ ಮನೆಗಳಲ್ಲಿ ಟಬ್ಬಿನ ಪೈಪಿಗೆ ಕೈ ಹಾಕಲು ಗೋಡೆಯಲ್ಲೋ ನೆಲದಡಿಯಲ್ಲೋ ಜಾಗ ಬಿಟ್ಟಿರುತ್ತಾರೆ. ನಮ್ಮಲ್ಲಿ ಟಬ್ ಇಟ್ಟರೂ ಸುತ್ತ ಇಟ್ಟಿಗೆ ಕಟ್ಟಿ, ಟೈಲ್ಸ್ ಅಂಟಿಸಿ, ವೈಟ್ ಸಿಮೆಂಟ್ ಬಳಿದು ಭದ್ರ ಮಾಡುತ್ತೇವೆ. ಕೆಳಗಿನ ವಾಷರ್ ಹೋಯಿತೆಂದರೆ ಟೈಲ್ಸ್ ಒಡೆಯಬೇಕು. ಅಷ್ಟಕ್ಕೂ ತಳಕಿನಲ್ಲಿ ಟಬ್ ಇಡುವ ಧೈರ್ಯ ಯಾರಿಗಿದೆ? ಜಲಜೀವನ್ ಮಿಷನ್ ಲೆಕ್ಕದಲ್ಲಿ ಹಳ್ಳಿಯ ಒಬ್ಬರಿಗೆ ದಿನಕ್ಕೆ 55 ಲೀಟರ್. ಒಂದು ಟಬ್ ತುಂಬಲು ನೂರೈವತ್ತು ಲೀಟರಿಗೆ ಕಡಿಮೆಯಿಲ್ಲ. ಯಜಮಾನರು ಟಬ್ಬಿನಲ್ಲಿ ಮಲಗಿ ಎದ್ದರೆ ಮೂರು ಜನರ ಒಂದು ದಿನದ ಪಾಲು ಚರಂಡಿಗೆ.

ಹಾಗಾಗಿ ನಮ್ಮ ಪಾಲಿಗೆ ಬಂದದ್ದು ಟಬ್ಬಿನ ತೂಬಲ್ಲ, ಬಚ್ಚಲ ನೆಲದಲ್ಲಿ ಕೂರಿಸುವ ನಹಾನಿ ಟ್ರ್ಯಾಪು. ಅದರ ಜಾಲಿಯನ್ನು ಎಬ್ಬಿಸುವುದೇ ಒಂದು ಅಧ್ಯಾಯ. ಉಪ್ಪು ಬೆಳ್ಳಗೆ ಕಟ್ಟಿಕೊಂಡು ನೆಲ ಯಾವುದು, ಜಾಲಿ ಯಾವುದು ಗೊತ್ತಾಗುವುದಿಲ್ಲ. ಹಳೇ ಸ್ಕ್ರೂಡ್ರೈವರಿನ ತುದಿಯಲ್ಲಿ ಸುತ್ತ ಕೆರೆದು ಒಂದು ಕಡೆಯಿಂದ ಮೀಟಿದರೆ ಟಪ್ಪೆಂದು ಏಳುತ್ತದೆ. ಒಳಗಿನ ಬಟ್ಟಲನ್ನು ಎತ್ತಿ ಕೈಹಾಕಿದರೆ ಸಿಗುವುದು ಕೂದಲಿನ ಉಂಡೆ, ಶಾಂಪೂ ಪೊಟ್ಟಣದ ಹರಿದ ಮೂಲೆ, ಹೋದ ಯುಗಾದಿಗೆ ಕಳೆದಿದ್ದ ಕ್ಲಿಪ್ಪು. ಅದರ ಕೆಳಗೆ ಪೈಪು ಬಾಗಿದ ಕಡೆ ಎರಡು ಇಂಚಿನಷ್ಟು ನೀರು ಸದಾ ನಿಂತಿರುತ್ತದೆ. ಅದನ್ನು ಕಂಡು, ಕಟ್ಟಿಕೊಂಡಿದೆ ಅಂದುಕೊಂಡು ಆಸಿಡ್ ಸುರಿಯುವವರಿದ್ದಾರೆ. ನಿಂತ ಆ ನೀರೇ ಚರಂಡಿಯ ವಾಸನೆಗೆ ಮುಚ್ಚಿದ ಬಾಗಿಲು. ಪೈಪನ್ನು ಹೀಗೆ ಬಾಗಿಸಿ ನೀರು ನಿಲ್ಲಿಸುವ ಉಪಾಯಕ್ಕೆ 1775ರಲ್ಲಿ ಪೇಟೆಂಟ್ ಪಡೆದ ಅಲೆಕ್ಸಾಂಡರ್ ಕಮಿಂಗ್ ಪ್ಲಂಬರನಲ್ಲ, ಲಂಡನ್ನಿನಲ್ಲಿ ಗಡಿಯಾರ ಮಾಡುತ್ತಿದ್ದವನು. ಸ್ವಂತ ಕೈಯಲ್ಲಿ ರಿಪೇರಿ ಮಾಡಬೇಕೆನ್ನುವವರು ಈ ಹೆಸರನ್ನು ನೆನಪಿಟ್ಟುಕೊಳ್ಳಬಹುದು, ಮನೆಯಲ್ಲಿ ವಾದಕ್ಕೆ ಬೇಕಾಗುತ್ತದೆ.

ಜಾಲಿ ತೆಗೆದಿಟ್ಟ ರಾತ್ರಿ ಬಚ್ಚಲಿಗೆ ಹೋದವರಿಗೆ ಇನ್ನೊಂದು ಸತ್ಯ ತಿಳಿಯುತ್ತದೆ. ಜಿರಲೆಗಳು ಒಂದೊಂದಾಗಿ ಮೀಸೆ ತೋರಿಸುತ್ತ ಮೇಲೇರುತ್ತವೆ. ನಮ್ಮ ಮನೆಯಾಕೆ ಪೊರಕೆ ಎತ್ತಿ ಕಿಂಡಿಯ ಪಕ್ಕದಲ್ಲೇ ನಿಂತಾಗ, ಚಿತ್ರದುರ್ಗ ಜಿಲ್ಲೆಯಲ್ಲಿ ಹುಟ್ಟಿದವರಿಗೆ ಕೋಟೆಯ ಕಿಂಡಿಯಲ್ಲಿ ಒನಕೆ ಹಿಡಿದು ನಿಂತ ಓಬವ್ವನ ನೆನಪಾಗದೆ ಇರದು. ಹೈದರಾಲಿಯ ಸೈನಿಕರಾದರೂ ಒಂದು ದಿನಕ್ಕೆ ಮುಗಿದರು.

ಕೋಟೆಯ ಮಾತು ಬಂತು. ದುರ್ಗದವರು ಬರುವ ನೀರಿಗೆ ತಲೆ ಕೆಡಿಸಿಕೊಂಡಷ್ಟೇ ಹೋಗುವ ನೀರಿಗೂ ಕೆಡಿಸಿಕೊಂಡಿದ್ದರು. ಬೆಟ್ಟದ ಮೇಲೆ ಗೋಪಾಲಸ್ವಾಮಿ ಹೊಂಡ ತುಂಬಿದರೆ ಹೆಚ್ಚಿನದು ಅಕ್ಕ-ತಂಗಿ ಹೊಂಡಕ್ಕೆ, ಅಲ್ಲಿಂದ ಇಳಿದು ಸಿಹಿನೀರು ಹೊಂಡ, ಸಂತೆ ಹೊಂಡಕ್ಕೆ. ಒಂದರ ತೂಬು ಇನ್ನೊಂದರ ನಲ್ಲಿ. ನಾವು ಮನೆ ಕಟ್ಟುವಾಗ ನಲ್ಲಿಗೆ ಹೊಳೆಯುವ ಬ್ರಾಂಡು ಆರಿಸುತ್ತೇವೆ, ಕೆಳಗಿನ ಟ್ರ್ಯಾಪನ್ನು "ಯಾವುದೋ ಒಂದು ಹಾಕಪ್ಪ" ಅನ್ನುತ್ತೇವೆ.

ಇನ್ನು ಪ್ಲಂಬರ್. ತ.ಸು. ವೆಂಕಣ್ಣಯ್ಯ, ತ.ರಾ.ಸು. ಇಬ್ಬರ ಹೆಸರಿನ ಮೊದಲಕ್ಷರವೂ ತಳಕಿನದು. ಕನ್ನಡಕ್ಕೆ ಪ್ರಾಧ್ಯಾಪಕರನ್ನೂ ಕಾದಂಬರಿಕಾರರನ್ನೂ ಕೊಟ್ಟ ಊರು ಒಬ್ಬ ಪ್ಲಂಬರನ್ನು ಕೊಡದೆ ಹೋದೀತೇ? ಕೊಟ್ಟಿದೆ, ಆದರೆ ಕೈಗೆ ಸಿಗಬೇಕಲ್ಲ. ಬೋರಿನಿಂದ ಮೋಟರು ಎತ್ತುವವನೂ ಅವನೇ, ತೋಟಕ್ಕೆ ಪೈಪು ಎಳೆಯುವವನೂ ಅವನೇ. ನೀರು ತರಿಸುವ ಕೆಲಸ ಸಾಲಾಗಿ ಕಾದಿರುವಾಗ ನೀರು ಕಳಿಸುವ ಕೆಲಸಕ್ಕೆ ಯಾರು ಬರುತ್ತಾರೆ? "ಸಂಜಿಕೆ ಬರ್ತೀನಿ ಸಾರ್" ಅಂದವನು ಯಾವ ಸಂಜೆ ಎಂದು ಹೇಳಿರುವುದಿಲ್ಲ. ಬಂದ ಮೇಲೆ ಕುಕ್ಕರಗಾಲಲ್ಲಿ ಕೂತು, ಟಾರ್ಚು ಬಿಟ್ಟು, ಮೊದಲು ಕೇಳುವುದು ಒಂದೇ ಪ್ರಶ್ನೆ: "ಇದನ್ಯಾರು ಸಾರ್ ಮಾಡಿದ್ದು?" ಹಿಂದಿನ ಸಲ ಮಾಡಿದವನೂ ತಾನೇ ಎಂದು ನೆನಪಿಸಿದರೆ, "ಅವಾಗ ಸರಿಯಾಗೇ ಇತ್ತಲ್ಲ" ಅನ್ನುತ್ತಾನೆ.

ಆದರೂ ಅವನ ಕೈ ನೋಡಬೇಕು. ಚಂಬು ನೀರು ಸುರಿದು ಕಿವಿಗೊಡುತ್ತಾನೆ. ಗುಳುಗುಳು ಸದ್ದು ಎಲ್ಲಿಂದ ಬಂತು ಎಂಬುದನ್ನು ಹಿಡಿದು ಟೈಲ್ಸಿನ ಮೇಲೆ ಬೆರಳಿಟ್ಟು, "ಇಲ್ಲಿ ಎಲ್ಬೋ ಐತೆ, ವಾಟ ಕಮ್ಮಿ" ಅನ್ನುತ್ತಾನೆ. ಕೊಡುವ ದುಡ್ಡು ಜಾಲಿ ಕೂರಿಸಿದ್ದಕ್ಕಲ್ಲ, ಎಲ್ಲಿ ಒಡೆಯಬಾರದು ಎಂದು ಗೊತ್ತಿರುವುದಕ್ಕೆ. ಒಂದೇ ಒಂದು ಟೈಲ್ಸ್ ತಪ್ಪಾಗಿ ಒಡೆದರೆ ಅದೇ ಬಣ್ಣದ್ದು ಚಳ್ಳಕೆರೆಯಲ್ಲಿರಲಿ, ಬಳ್ಳಾರಿಯಲ್ಲೂ ಸಿಗುವ ಭರವಸೆಯಿಲ್ಲ.

ಅಂತೂ ತಳಕು ತಾಲ್ಲೂಕಿನ ಲೆಕ್ಕಕ್ಕೆ ಚಳ್ಳಕೆರೆಗೆ, ಓಟಿನ ಲೆಕ್ಕಕ್ಕೆ ಮೊಳಕಾಲ್ಮೂರಿಗೆ ಸೇರಿದ ಹಾಗೆ ಬಚ್ಚಲಿಗೂ ಇಬ್ಬರು ಒಡೆಯರು. ನೆಲದ ಮೇಲಿನದು ನಮ್ಮದು: ಜಾಲಿ, ಬಟ್ಟಲು, ಕೂದಲು, ವಾಷ್‌ಬೇಸಿನ್ನಿನ ವೇಸ್ಟ್ ಪೈಪು, ಟೆಫ್ಲಾನ್ ಟೇಪು. ಇವಕ್ಕೆ ಪ್ಲಂಬರನ್ನು ಕಾಯುವುದು ಸೋಮಾರಿತನ. ನೆಲದ ಕೆಳಗಿನದು ಅವನದು. ಅಲ್ಲಿಗೆ ಉಳಿ ಹಿಡಿದು ಹೋಗುವುದು ಅಹಂಕಾರ. ಆಸಿಡ್ ಇಬ್ಬರದೂ ಅಲ್ಲ. ಅದು ಟೈಲ್ಸಿನ ಸಂದಿಯ ಸಿಮೆಂಟನ್ನು ತಿನ್ನುತ್ತದೆ, ಬ್ಲೀಚಿಂಗ್ ಪೌಡರ್ ಜೊತೆ ಬೆರೆತರೆ ಕ್ಲೋರಿನ್ ಅನಿಲ ಏಳುತ್ತದೆ. ಪ್ಲಂಬರ್ ಬಂದಾಗ ಕೂಲಿಗೆ ಚೌಕಾಸಿ ಮಾಡಬೇಡಿ, ಟ್ರ್ಯಾಪಿಗೆ ಒಳ್ಳೆಯದನ್ನೇ ಹಾಕಿಸಿ. ಬೇಸಿಗೆಯಲ್ಲಿ ಮನೆಗೆ ಬೀಗ ಹಾಕಿ ಊರಿಗೆ ಹೊರಡುವಾಗ ಬಚ್ಚಲಿಗೆ ಒಂದು ಚಂಬು ನೀರು ಸುರಿದೇ ಹೊರಡಿ. ನಮ್ಮ ಬಿಸಿಲಿಗೆ ಟ್ರ್ಯಾಪಿನ ನೀರು ಆರಿಹೋದರೆ ಬಂದವರನ್ನು ಮೊದಲು ಸ್ವಾಗತಿಸುವುದು ಚರಂಡಿ.