ಗುಂಟೆಯ ಹಗ್ಗ

ವರದೆಯು ತುಂಗಭದ್ರೆಯನ್ನು ಕೂಡುವ ಗಳಗನಾಥದಲ್ಲಿ, ಗಳಗೇಶ್ವರ ದೇವಾಲಯಕ್ಕೆ ಅನತಿದೂರದ ಹೊಲವೊಂದಕ್ಕೆ ಕಳೆದ ಕಾರಹುಣ್ಣಿಮೆಯ ಮುಂಚಿನ ವಾರ ನಾವು ಹೋಗಿದ್ದೆವು. ಸಮೀಪದ ಶಾಲೆಯೊಂದರ ಐದನೆಯ ಇಯತ್ತೆಯ ಮಕ್ಕಳಿಗೆ ಅಂದು ಹೊಲವೇ ಪಾಠಶಾಲೆ. ಕಾಯಕತತ್ತ್ವದ ಕುರಿತು ನಾಲ್ಕು ಮಾತು ಹೇಳಬೇಕೆಂದು ಅಲ್ಲಿಯ ಶಿಕ್ಷಕರು ನಮ್ಮನ್ನು ಕರೆದಿದ್ದರು.

40 ಗುಂಟೆಗೆ ಒಂದು ಎಕರೆಯೆಂದು ಮಕ್ಕಳು ಒಕ್ಕೊರಲಿನಿಂದ ಹೇಳಿದರು. ಗುಂಟೆಯೆಂದರೆ 33 ಅಡಿ ಉದ್ದ, 33 ಅಡಿ ಅಗಲ, ಒಟ್ಟು 1,089 ಚದರಡಿ, ಅದೂ ಬಾಯಿಪಾಠ. ಹಾಗಾದರೆ ಒಂದು ಗುಂಟೆ ಅಳೆದು ತೋರಿಸಿರೆಂದಾಗ ಎಲ್ಲರೂ ಸುಮ್ಮನಾದರು. ಹಗ್ಗ ಹಿಡಿದು ನಾವೇ ಮುಂದಾದೆವು. ನಾಲ್ಕು ಗೂಟ ನೆಟ್ಟೆವು, ನಾಲ್ಕು ಬದಿಯೂ 33 ಅಡಿ. ಆದರೂ ಆಕೃತಿ ಒಂದು ಕಡೆಗೆ ವಾಲಿಕೊಂಡಿತ್ತು. ಮಠದಲ್ಲಿ ವ್ಯಾಕರಣ, ತರ್ಕಗಳನ್ನು ವರ್ಷಗಟ್ಟಲೆ ಓದಿದ ನಮಗೆ ಅದನ್ನು ನೇರಗೊಳಿಸುವ ಬಗೆ ಹೊಳೆಯಲಿಲ್ಲ.

ಅಷ್ಟರಲ್ಲಿ ಬಾಲಕನೊಬ್ಬನ ತಂದೆ ಬಂದನು. ಗೌಂಡಿ ಕೆಲಸದವನು, ಸಿಟ್ಟಿನಲ್ಲಿದ್ದನು.

“ಗುರುಗಳ, ಮಣ್ಣು ಹೊರೂದು ನಮಗಂತೂ ತಪ್ಪಲಿಲ್ಲ. ಹುಡುಗನಿಗೂ ಅದನ್ನ ಕಲಿಸೂದಾದ್ರ ಸಾಲಿ ಯಾಕ ಬೇಕ್ರಿ?”

ನಾವು ಸಿದ್ಧಪಡಿಸಿಕೊಂಡಿದ್ದ ಉಪನ್ಯಾಸದಲ್ಲಿ ಇದಕ್ಕೆ ಉತ್ತರವಿರಲಿಲ್ಲ. ಮಣ್ಣು ಹೊರದವರು ಮಣ್ಣಿನ ಕೆಲಸವನ್ನು ಹೊಗಳುವುದು ಸುಲಭ. 1937ರಲ್ಲಿ ವಾರ್ಧಾದ ಸಮ್ಮೇಳನದಲ್ಲಿ ಗಾಂಧೀಜಿ ಮುಂದಿಟ್ಟದ್ದು ಕಸುಬಿನ ಮೂಲಕವೇ ಉಳಿದ ವಿದ್ಯೆಗಳನ್ನೂ ಕಲಿಸುವ ವಿಚಾರವನ್ನು. ಮಕ್ಕಳಿಂದ ಅಂಗಳ ಗುಡಿಸಿಸಿ ಅದನ್ನೇ ಶಿಕ್ಷಣವೆನ್ನುವುದನ್ನಲ್ಲ. ನಮ್ಮದೇ ತಾಲೂಕಿನ ಹೊಸರಿತ್ತಿಯ ಗಾಂಧಿ ಗ್ರಾಮೀಣ ಗುರುಕುಲದಲ್ಲಿ ಬಾಲಕರು ಓದಿನೊಡನೆ ಹೊಲದ ಕೆಲಸವನ್ನೂ ಗೋವುಗಳ ಆರೈಕೆಯನ್ನೂ ಕಲಿಯುತ್ತ ಬಂದಿದ್ದಾರೆ. ಇದನ್ನೆಲ್ಲ ಹೇಳಲು ನಾವು ಬಾಯಿ ತೆರೆಯುವಷ್ಟರಲ್ಲಿ ಆತನ ದೃಷ್ಟಿ ನಮ್ಮ ಹಗ್ಗದ ಮೇಲೆ ಬಿತ್ತು.

“ಮೂಲಿ ಸೊಟ್ಟ ಐತ್ರಿ,” ಎಂದನು.

ಮೂಲೆಯ ಗೂಟದಿಂದ ಒಂದು ಬದಿಗೆ 3 ಅಡಿ, ಇನ್ನೊಂದು ಬದಿಗೆ 4 ಅಡಿ ಅಳೆದು ಗುರುತು ಹಾಕಿದನು. ಆ ಎರಡು ಗುರುತುಗಳ ನಡುವೆ ಸರಿಯಾಗಿ 5 ಅಡಿ ಬಂದರೆ ಮೂಲೆಮಟ್ಟ ಸರಿಯಂತೆ. ಪುಸ್ತಕದಲ್ಲಿ ಪೈಥಾಗೊರಸನ ಹೆಸರಿನಲ್ಲಿರುವ ಪ್ರಮೇಯವು ಆತನಿಗೆ ದಿನನಿತ್ಯದ ಅಳತೆ.

“ಮಗನಿಗೆ ಇದನ್ನು ಕಲಿಸಿದ್ದೀಯೇನಪ್ಪಾ?” ಎಂದು ಕೇಳಿದೆವು.

“ಇಲ್ರಿ. ಕಲಿಸಿದ್ರ ಇದರಾಗ ಉಳೀತಾನ ಅಂತ ಅಂಜಿಕಿ.”

ಶಿಕ್ಷಕರು ಹಲಗೆ ತರಿಸಿ 9, 16, 25 ಎಂದು ಬರೆದರು. ತಂದೆಯಾದವನು ಅದನ್ನು ಬಹಳ ಹೊತ್ತು ನೋಡಿದನು. ಬಳಿಕ ಹಗ್ಗವನ್ನು ಮಗನ ಕೈಗಿತ್ತು ಎದುರಿನ ಮೂಲೆಗೆ ಕಳಿಸಿದನು. ಹುಡುಗ ಅಳೆದನು, 5 ಅಡಿಗೆ ಎರಡು ಬೆರಳು ಹೆಚ್ಚಾಯಿತು. ಅಪ್ಪನ ಮುಖ ನೋಡಿದನು. ಆತ ಏನೂ ಹೇಳಲಿಲ್ಲ. ಹುಡುಗ ಗೂಟವನ್ನು ಕಿತ್ತು ಮತ್ತೆ ನೆಡತೊಡಗಿದನು. ನಮ್ಮ ಉಪನ್ಯಾಸದ ಹಾಳೆಗಳು ಚೀಲದಲ್ಲಿಯೇ ಉಳಿದವು.