ರಣಹದ್ದು ಮತ್ತು ಕೊಟ್ಟಿಗೆಯ ಸೂಜಿಮದ್ದು

ಉಡಿಗಾಲದಲ್ಲಿ ಈಗ ಹಸು ಸತ್ತರೆ ಜೆಸಿಬಿ ಕರೆಸಿ ಗುಂಡಿ ತೋಡಿಸಬೇಕು. "ಆಗೆಲ್ಲ ಊರಾಚೆ ಎಳ್ದಾಕುದ್ರೆ ಸಾಕಾಗಿತ್ತು ಕನವ್ವ. ಹದ್ದುಗಳು ಇಳ್ದು ಸಂಜೆ ಒಳ್ಗೆ ಮೂಳೆ ಮಾತ್ರ ಉಳಿಸ್ತಿದ್ದೊ" ಅನ್ನುತ್ತಾರೆ ನಮ್ಮತ್ತೆ. ನಾನು ಮದುವೆಯಾಗಿ ಬಂದು 18 ವರ್ಷವಾಯಿತು, ನಮ್ಮೂರ ಮೇಲೆ ಒಂದು ರಣಹದ್ದನ್ನೂ ಕಂಡಿಲ್ಲ.

ಅವು ಹೋಗಿದ್ದು ಬೇಟೆಯಿಂದಲ್ಲ, ಕೊಟ್ಟಿಗೆಯ ಸೂಜಿಮದ್ದಿನಿಂದ. ನೋವು, ಬಾವು ಅಂತ ದನಗಳಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್, ಸತ್ತ ದನದ ಮಾಂಸದಲ್ಲಿ ಉಳಿದು ತಿಂದ ಹದ್ದಿನ ಮೂತ್ರಪಿಂಡ ಕೆಡಿಸುತ್ತದೆ. 1990ರ ದಶಕದ ಆರಂಭದಿಂದ ಹದಿನೈದೇ ವರ್ಷದಲ್ಲಿ ದೇಶದ ಬಿಳಿಬೆನ್ನಿನ ರಣಹದ್ದುಗಳಲ್ಲಿ ನೂರಕ್ಕೆ 99ಕ್ಕಿಂತ ಹೆಚ್ಚು ಹೋದವು. 2006ರಲ್ಲಿ ಜಾನುವಾರುಗಳಿಗೆ ಆ ಮದ್ದು ನಿಷೇಧವಾಯಿತು. 2023ರಲ್ಲಿ ಕೀಟೋಪ್ರೊಫೆನ್, ಅಸಿಕ್ಲೋಫೆನಾಕ್ ಕೂಡ. ಮೆಲಾಕ್ಸಿಕಾಮ್ ಕೊಟ್ಟರೆ ಹಸುವಿನ ನೋವೂ ಇಳಿಯುತ್ತದೆ, ಹದ್ದಿಗೂ ತೊಂದರೆಯಿಲ್ಲ. ಕಳೆದ ವರ್ಷ ನಮ್ಮ ಹಸುವಿಗೆ ಕೆಚ್ಚಲು ಬಾವು ಬಂದಾಗ, ಸೂಜಿ ಹಾಕಲು ಬಂದವರಿಗೆ ಬಾಟಲಿ ತೋರಿಸಿ ಅಂದೆ. "ಏನಕ್ಕಾ, ನೀವೇ ಡಾಕ್ಟ್ರಾಗ್ಬುಟ್ರಾ?" ಅಂತ ನಕ್ಕು ತೋರಿಸಿದರು. ಮೆಲಾಕ್ಸಿಕಾಮೇ ಇತ್ತು, ಪುಣ್ಯ.

ಉಳಿದಿರುವ ಹದ್ದುಗಳು ನಮಗೆ ಬಹಳ ದೂರವೇನಿಲ್ಲ. ಇತ್ತ ಬಂಡೀಪುರ, ಅತ್ತ ಮುದುಮಲೆ, ನಡುವೆ ಮೋಯಾರ್ ಹೊಳೆ. ದಂಡೆಯ ಎತ್ತರದ ಮರಗಳಲ್ಲಿ ಬಿಳಿಬೆನ್ನಿನವು, ಕಡಿದಾದ ಬಂಡೆಗಳಲ್ಲಿ ಉದ್ದಕೊಕ್ಕಿನವು ಗೂಡು ಕಟ್ಟುತ್ತವೆ. ಕೆಂಪುತಲೆಯವೂ ಇವೆ. ಮೂರು ಜಾತಿಯೂ ಅಳಿವಿನ ತೀರಾ ಅಂಚಿಗೆ ಬಂದಿವೆ. ಇಡುವುದು ವರ್ಷಕ್ಕೆ ಒಂದೇ ಮೊಟ್ಟೆ. ಕಾಡಿನಲ್ಲಿ ಹುಲಿ ತಿಂದು ಬಿಟ್ಟ ಜಿಂಕೆಯಲ್ಲಿ ಮದ್ದಿರುವುದಿಲ್ಲ, ನಿಜ. ಆದರೆ ದಿನವೆಲ್ಲ ಹಾರುವ ಹದ್ದಿಗೆ ಕಾಡಿನ ಗಡಿ ಎಲ್ಲಿ ಮುಗಿಯುತ್ತದೆಂದು ಗೊತ್ತೇ?

ಕಾಡಂಚಿನಲ್ಲಿ ಇನ್ನೊಂದು ಭಯ, ವಿಷ. 2025ರ ಜೂನ್‌ನಲ್ಲಿ ನಮ್ಮದೇ ಜಿಲ್ಲೆಯ ಮಲೆ ಮಹದೇಶ್ವರ ಬೆಟ್ಟದ ಕಾಡಿನಲ್ಲಿ, ವಿಷ ಹಾಕಿದ್ದ ಹಸುವಿನ ಮಾಂಸ ತಿಂದು ತಾಯಿ ಹುಲಿಯೂ ನಾಲ್ಕು ಮರಿಗಳೂ ಸತ್ತವು. ಹುಲಿಯಾದ್ದರಿಂದ ರಾಜ್ಯವೇ ಮರುಗಿತು. ಅಂಥ ಹೆಣದ ಮೇಲೆ ಹದ್ದುಗಳು ಇಳಿದರೆ ಹಿಂಡಿಗೆ ಹಿಂಡೇ ಹೋಗುತ್ತದೆ.

ನನ್ನ ತವರು ಕಾಡಿಗೆ ಅಂಟಿಕೊಂಡೇ ಇದೆ. ಹೋದ ಬೇಸಿಗೆಯಲ್ಲಿ ಅಣ್ಣನ ಕರೆಯುವ ಹಸುವನ್ನು ಹುಲಿ ಹಿಡಿಯಿತು. ಯಾರೋ ಕೀಟನಾಶಕದ ಡಬ್ಬಿ ತಂದರಂತೆ. ಅಣ್ಣ ಬೇಡವೆಂದು, ಫೋಟೋ ತೆಗೆಸಿ ಪರಿಹಾರಕ್ಕೆ ಅರ್ಜಿ ಹಾಕಿದ. ನಾನು ಫೋನಿನಲ್ಲಿ ಇದೇ ಹದ್ದಿನ ವಿಷಯ ಹೇಳಿದೆ. ಎಲ್ಲ ಕೇಳಿಸಿಕೊಂಡು, "ಹದ್ದು ಉಳೀಲಿ ಕನವ್ವ, ಯಾರ್ ಬ್ಯಾಡ ಅಂದರು? ಪರಿಹಾರ ಬರಗಂಟ ಡೈರಿಗೆ ಹಾಲು ಎಲ್ಲಿಂದ ತರ್ಲಿ, ಅದ ಹೇಳು" ಅಂದ.